ಹಟ್ಟಿಯ ಶಾಫ್ಟ್, ಹಿರಿಯಡಕದ ಬಾವಿ

ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಉಡುಪಿ ಕಡೆಯ ಜನ ಕೇಳುವ ಮೊದಲ ಪ್ರಶ್ನೆ, ಕಲ್ಲಿನೊಳಗೆ ಚಿನ್ನ ಹೇಗೆ ಕಾಣಿಸುತ್ತದೆ ಎಂಬುದು. ನೆಲದಿಂದ ಗಣಿಯೊಳಕ್ಕೆ ನೇರ ಇಳಿಯುವ, ಬಾವಿಯಂಥ ದಾರಿಯೇ ಶಾಫ್ಟ್. ಹೊಸ ಶಾಫ್ಟ್ ಇಳಿಸುವ ತಂಡದಲ್ಲಿದ್ದವನಿಗೆ ಚಿನ್ನ ಕಾಣಿಸುವುದೇ ಇಲ್ಲ. ಅದಿರಿನ ಪದರದ ಮೇಲೆ ಯಾರೂ ಶಾಫ್ಟ್ ಇಳಿಸುವುದಿಲ್ಲ. ಅದಿರು ತೆಗೆದ ಜಾಗದ ಸುತ್ತಲಿನ ಬಂಡೆ ಮುಂದೊಂದು ದಿನ ಸಡಿಲವಾಗುತ್ತದೆ. ಅದರೊಂದಿಗೆ ಶಾಫ್ಟ್ ಅಲುಗಿದರೆ ಇಡೀ ಗಣಿಯ ಬಾಗಿಲೇ ಹೋಯಿತು. ಆದ್ದರಿಂದ ಪಕ್ಕದ ಗಟ್ಟಿ ಬಂಡೆಯಲ್ಲಿ ನೇರ ಕೆಳಗಿಳಿದು, ಬೇಕಾದ ಆಳದಲ್ಲಿ ಅಡ್ಡ ಸುರಂಗ ಕೊರೆದು ಅದಿರನ್ನು ತಲುಪುತ್ತಾರೆ. ಓಕ್ಲಿ ರೀಫ್, ಮಿಡ್ಲ್ ರೀಫ್ ಎಂದು ಹಟ್ಟಿಯ ಅದಿರಿನ ಪದರಗಳಿಗೆ ಹೆಸರುಗಳಿವೆ. ಆ ಹೆಸರುಗಳನ್ನು ನಕ್ಷೆಯಲ್ಲಿ ನೋಡುತ್ತಾ, ಕಪ್ಪು ಹಸಿರು ಬಣ್ಣದ ಬರಿಯ ಬಂಡೆಯಲ್ಲಿ ನಾವು ಇಳಿಯುತ್ತಿದ್ದೆವು.

ಇದನ್ನು ಬರೆಯಲು ಕೂತಿರುವುದು ಬಾವಿಯ ಕಾರಣಕ್ಕೆ. ವಿಷು ಕಳೆದು, ಮೇ ಕೊನೆಯ ಹೊತ್ತಿಗೆ ತುಳುವರ ಪತ್ತನಾಜೆ ಬರುವವರೆಗಿನ ವಾರಗಳಲ್ಲಿ ನಮ್ಮ ಕಡೆ ಬಾವಿ ತೋಡುವ, ಹಳೆಯ ಬಾವಿಯ ಹೂಳೆತ್ತುವ ಕೆಲಸ ಜೋರಾಗಿ ನಡೆಯುತ್ತದೆ. ಬಾವಿಗಿಳಿದವರು ಉಸಿರುಗಟ್ಟಿ ಸತ್ತ, ಮಣ್ಣು ಕುಸಿದು ಹೂತುಹೋದ ಸುದ್ದಿಗಳು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವುದೂ ಆಗಲೇ. ಕೆಳಗೆ ಬಿದ್ದವನನ್ನು ಎತ್ತಲು ಹೋದ ಅಣ್ಣನೋ ನೆರೆಯವನೋ ಅದೇ ಸುದ್ದಿಯಲ್ಲಿ ಎರಡನೆಯ ಹೆಸರಾಗಿರುತ್ತಾನೆ. ಗಣಿಯಲ್ಲಿ ನೂರಾರು ಮೀಟರ್ ಇಳಿದು ಮೇಲೆ ಬಂದವನಿಗೆ, ನಲವತ್ತು ಅಡಿಯ ಬಾವಿಯಲ್ಲಿ ಮನುಷ್ಯರು ಸಾಯುವುದನ್ನು ಓದುವುದು ತುಂಬಾ ಕಷ್ಟ. ನೌಕರಿ ಮುಗಿಸಿ ಹಿರಿಯಡಕದ ಹತ್ತಿರದ ನಮ್ಮ ಜಾಗಕ್ಕೆ ಮರಳಿ ಬಾವಿ ತೋಡಿಸಬೇಕಾಗಿ ಬಂದಾಗ, ಅದನ್ನು ಶಾಫ್ಟ್‌ನ ನಿಯಮದಲ್ಲೇ ಇಳಿಸಬೇಕು ಎಂದು ನಿರ್ಧರಿಸಿದೆ.

ಮೊದಲು ಹಟ್ಟಿಯ ಮಾತು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಆ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಜನ ಚಿನ್ನಕ್ಕಾಗಿ ಬಂಡೆ ಕೊರೆದಿದ್ದರು. ಮದ್ದುಗುಂಡು ಇಲ್ಲದ ಕಾಲದಲ್ಲಿ, ಬೆಂಕಿ ಹಚ್ಚಿ ಕಲ್ಲನ್ನು ಸಿಡಿಸುತ್ತಾ ಅವರು ಇಳಿದಿದ್ದ ಆಳವನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. ಸುರತ್ಕಲ್‌ನ ಕೆಆರ್‌ಇಸಿಯಲ್ಲಿ, ಅಂದರೆ ಈಗಿನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೋದ ನನಗೆ ಪುಸ್ತಕ ಗೊತ್ತಿತ್ತು. ಕೆಲಸ ಕಲಿಸಿದವರು ಕೋಲಾರದಿಂದ ಬಂದಿದ್ದ ಒಬ್ಬ ಹಿರಿಯ ಸಿಂಕರ್, ಅಂದರೆ ಶಾಫ್ಟ್ ಇಳಿಸುವುದರಲ್ಲಿ ಪಳಗಿದವರು. ಕೋಲಾರದ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಅಲ್ಲಿಯ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಆ ಆಳದಲ್ಲಿ ಬಂಡೆಯೇ ಕೈ ಇಡಲಾಗದಷ್ಟು ಬಿಸಿ, ಒತ್ತಡಕ್ಕೆ ಕಲ್ಲು ತಾನಾಗಿಯೇ ಸಿಡಿಯುವ ಅಪಾಯ ಬೇರೆ. ಅಂಥಲ್ಲಿ ಬದುಕಿ ಬಂದವರು ಕಲಿಸಿದ ಪಾಠದಲ್ಲಿ ಒಂದೂ ವ್ಯರ್ಥವಾದದ್ದಿಲ್ಲ.

ಶಾಫ್ಟ್‌ನ ಕೆಲಸ ಕೆಳಗಿನಿಂದ ಶುರುವಾಗುವುದಿಲ್ಲ. ಮೊದಲು ಕಾಲರ್, ಅಂದರೆ ಬಾಯಿ. ಸಡಿಲ ಮಣ್ಣು ಮತ್ತು ಶಿಥಿಲ ಕಲ್ಲು ದಾಟಿ ಗಟ್ಟಿ ಬಂಡೆ ಸಿಗುವವರೆಗೆ ಅಗೆದು, ದಪ್ಪ ಕಾಂಕ್ರೀಟಿನ ಬಳೆ ಕಟ್ಟುತ್ತಾರೆ. ಅದರ ಮೇಲೆ ಹೆಡ್‌ಗೇರ್ ಎಂಬ ಉಕ್ಕಿನ ಗೋಪುರ, ದೂರದಲ್ಲಿ ಹಗ್ಗ ಸುತ್ತಿ ಎತ್ತುವ, ಇಳಿಸುವ ವೈಂಡರ್ ಯಂತ್ರ. ಬಾಯಿಗೆ ಉಕ್ಕಿನ ಬಾಗಿಲುಗಳಿರುತ್ತವೆ. ಕಿಬಲ್ ಎಂಬ ದೊಡ್ಡ ಬಕೆಟ್ ಮೇಲೆ ಬಂದು ಕಲ್ಲು ಸುರಿಯುವಾಗ ಬಾಗಿಲು ಮುಚ್ಚಿರಲೇಬೇಕು. ಒಂದು ಬೋಲ್ಟ್ ನೂರು ಮೀಟರ್ ಕೆಳಗೆ ಬಿದ್ದರೆ ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಹೆಲ್ಮೆಟ್ ಅದನ್ನು ತಡೆಯುವುದಿಲ್ಲ. ಆದ್ದರಿಂದ ಬಾಯಿಯ ಸುತ್ತ ಒಂದು ಕಲ್ಲುಚೂರು, ಒಂದು ಸ್ಪಾನರ್ ಬಿದ್ದಿರಕೂಡದು. ಪ್ರತಿ ಪಾಳಿಯ ಮೊದಲ ಕೆಲಸ ಗುಡಿಸುವುದು. ಎಂಜಿನಿಯರ್ ಆದವನೂ ಪೊರಕೆ ಹಿಡಿದಿದ್ದಾನೆ. ಹಿಡಿಯದವರನ್ನು ಆ ಹಿರಿಯರು ಕೆಳಗೆ ಬಿಡುತ್ತಿರಲಿಲ್ಲ.

ಆಮೇಲೆ ಒಂದು ಸುತ್ತು ಮತ್ತೆ ಮತ್ತೆ ನಡೆಯುತ್ತದೆ: ಕೊರೆ, ಮದ್ದು ತುಂಬು, ಎಲ್ಲರೂ ಮೇಲೆ ಬನ್ನಿ, ಸಿಡಿಸು, ಹೊಗೆ ಹೋಗಲಿ, ಕಲ್ಲು ಎತ್ತು, ಗೋಡೆಗೆ ಕಾಂಕ್ರೀಟ್ ಹಾಕು. ಕೇಳಲು ಸರಳ. ಆರು ಮೀಟರ್ ವ್ಯಾಸದ ಶಾಫ್ಟ್ ಒಂದು ಮೀಟರ್ ಇಳಿಯಬೇಕಾದರೆ 28 ಘನಮೀಟರ್ ಗಟ್ಟಿ ಬಂಡೆ ಹೊರಬರಬೇಕು. ಹಟ್ಟಿಯ ಭಾರದ ಕಲ್ಲಿನಲ್ಲಿ ಅದು ಎಂಬತ್ತು ಟನ್. ಅಷ್ಟನ್ನೂ ಒಂದೇ ಹಗ್ಗದ ತುದಿಯಲ್ಲಿ, ಮನುಷ್ಯರ ತಲೆಯ ಮೇಲಿಂದ ಎತ್ತಬೇಕು. ಕಿಬಲ್ಲನ್ನು ಅಂಚಿನವರೆಗೆ ತುಂಬಬಾರದು, ತಳಕ್ಕೆ ಅಂಟಿದ ಕಲ್ಲನ್ನು ಕೆರೆಯದೆ ಎತ್ತಬಾರದು, ನೆಲ ಬಿಟ್ಟ ಕೂಡಲೇ ಒಮ್ಮೆ ನಿಲ್ಲಿಸಿ ತೂಗಾಟ ನಿಂತ ಮೇಲೆಯೇ ಮುಂದಕ್ಕೆ ಬಿಡಬೇಕು. ಇದಕ್ಕೆಲ್ಲ ಬೆಲ್ ಭಾಷೆ. ಚಲಿಸುತ್ತಿರುವಾಗ ಒಂದು ಬಡಿತ ಎಂದರೆ ನಿಲ್ಲಿಸು, ನಿಂತಿರುವಾಗ ಒಂದು ಎಂದರೆ ಎತ್ತು, ಎರಡು ಎಂದರೆ ಇಳಿಸು, ಮೂರು ಎಂದರೆ ಮನುಷ್ಯರು ಹತ್ತುತ್ತಿದ್ದಾರೆ. ಆ ಬೆಲ್ಲನ್ನು ನೇಮಿಸಿದ ಒಬ್ಬನೇ ಬಾರಿಸಬೇಕು. ವೈಂಡರ್ ಚಾಲಕನಿಗೆ ತಳದಲ್ಲಿರುವವರ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಅವನಿಗೆ ತಲುಪುವುದು ಆ ಬಡಿತಗಳು ಮಾತ್ರ. ಕೂಗಿ ಹೇಳುವುದು, ಕೈಸನ್ನೆ ಮಾಡುವುದು, ‘ಅವನಿಗೆ ಗೊತ್ತಿರುತ್ತದೆ ಬಿಡಿ’ ಎಂದು ಊಹಿಸುವುದು ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಇಡೀ ಸುತ್ತಿನಲ್ಲಿ ನನಗೆ ಎದೆ ಹೊಡೆದುಕೊಳ್ಳುತ್ತಿದ್ದದ್ದು ಸಿಡಿತದ ಹೊತ್ತಿನಲ್ಲಲ್ಲ, ಅದಾದ ಮೇಲೆ ತಳ ತೊಳೆಯುವ ಹೊತ್ತಿನಲ್ಲಿ. ಕಲ್ಲೆಲ್ಲ ಎತ್ತಿದ ಮೇಲೆ ಗಾಳಿಯ ಪೈಪ್ ಹಿಡಿದು ತಳದ ಕೆಸರನ್ನು ಊದಿ, ಹಿಂದಿನ ಸುತ್ತಿನ ಕುಳಿಗಳ ಬುಡಗಳನ್ನು ಒಂದೊಂದಾಗಿ ಹುಡುಕಬೇಕು. ಅದರಲ್ಲಿ ಎಲ್ಲಾದರೂ ಸಿಡಿಯದ ಮದ್ದು ಉಳಿದಿರಬಹುದು. ಹಳೆಯ ಕುಳಿಯ ಬುಡದಲ್ಲಿ ಮತ್ತೆ ಡ್ರಿಲ್ ಇಡಬಾರದು ಎಂಬುದು ಗಣಿ ನಿಯಮಗಳಲ್ಲಿ ಅತ್ಯಂತ ಕಠಿಣವಾದದ್ದು. ಮೊಣಕಾಲೂರಿ, ಟೋಪಿಯ ದೀಪದ ಬೆಳಕಿನಲ್ಲಿ, ಮೇಲಿಂದ ಸುರಿಯುವ ನೀರಿನಡಿಯಲ್ಲಿ ಆ ಬುಡಗಳನ್ನು ಎಣಿಸಿ ನಕ್ಷೆಯ ಲೆಕ್ಕಕ್ಕೆ ತಾಳೆ ಹಾಕಬೇಕು. ಲೆಕ್ಕ ಸರಿಯಾಗದೆ ಡ್ರಿಲ್ ಕೈಗೆ ಬರುವುದಿಲ್ಲ. ಮೇಲೆ ಯಾರು ಎಷ್ಟೇ ಅವಸರ ಮಾಡಲಿ.

ನೀರಿನ ವಿಷಯವೂ ಹೀಗೆಯೇ. ಶಾಫ್ಟ್ ಇಳಿಸುವವನಿಗೆ ನೀರು ಶತ್ರು. ತಳದಿಂದ ಮುಂದಕ್ಕೆ ಉದ್ದನೆಯ ಕುಳಿಗಳನ್ನು ಕೊರೆದು, ಕೆಳಗಿನ ಬಿರುಕುಗಳಲ್ಲಿ ನೀರಿದೆಯೇ ಎಂದು ಮೊದಲೇ ನೋಡುತ್ತಾರೆ. ನೀರು ಚಿಮ್ಮಿದರೆ ಅದೇ ಕುಳಿಯ ಮೂಲಕ ಸಿಮೆಂಟ್ ಹಾಲನ್ನು ಒತ್ತಡದಿಂದ ತುಂಬಿ ಬಿರುಕು ಮುಚ್ಚಿ, ಒಣಗಿದ ಮೇಲೆಯೇ ಮುಂದಿನ ಸುತ್ತು. ಗೋಡೆಯಿಂದ ಜಿನುಗುವುದನ್ನು ಹಿಡಿಯಲು ಸುತ್ತಲೂ ಕಾಲುವೆಯ ಬಳೆ. ಊರಿಗೆ ಬಂದ ಮೇಲೆ ಅದೇ ನೀರನ್ನು ಹುಡುಕಿ ಇಳಿಯಬೇಕಾಯಿತು. ಉದ್ದೇಶ ತಲೆಕೆಳಗಾಯಿತು, ನಿಯಮ ಒಂದೂ ಬದಲಾಗಲಿಲ್ಲ.

ನಮ್ಮ ಜಾಗ ಮುರಕಲ್ಲಿನ ಎತ್ತರದ ಬೋಳು. ಸ್ವರ್ಣಾ ನದಿ ದೂರವಿಲ್ಲ, ಉಡುಪಿ ಪೇಟೆಗೆ ನೀರು ಕೊಡುವ ಬಜೆ ಅಣೆಕಟ್ಟು ಇರುವುದೂ ಹಿರಿಯಡಕದಲ್ಲೇ. ಆದರೂ ಮೇ ತಿಂಗಳಲ್ಲಿ ಗುಡ್ಡದ ಮನೆಗಳಿಗೆ ಟ್ಯಾಂಕರ್ ಬರುತ್ತದೆ. ರಾಯಚೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಇಲ್ಲಿ ಆಷಾಢದ ಕೆಲವೇ ವಾರಗಳಲ್ಲಿ ಬಿದ್ದು ಹೋಗುತ್ತದೆ. ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ನೆಲದಲ್ಲಿ ನೀರಿನ ಬರ ಎಂದರೆ ಹೊರಗಿನವರು ನಂಬುವುದಿಲ್ಲ. ಮುರಕಲ್ಲು ತೂತು ತೂತಾದ ಕಲ್ಲು. ಬಿದ್ದ ನೀರನ್ನು ಬೇಗ ಒಳಗೆ ಬಿಡುತ್ತದೆ, ಅಷ್ಟೇ ಬೇಗ ಇಳಿಜಾರಿನ ತೋಡಿಗೆ ಹರಿಸಿಬಿಡುತ್ತದೆ. ಅದರ ಕೆಳಗೆ ಶೇಡಿ ಮಣ್ಣು, ಅದರ ಕೆಳಗೆ ಕರಿಯ ಶಿಲೆ. ಕಾಪು ಸಮೀಪದ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಕೊರೆದಿರುವುದೂ ಇಂಥ ಗಟ್ಟಿ ಶಿಲೆಯಲ್ಲೇ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು ಇನ್ನೊಂದು ಇದೆ. ಆ ಗುಹೆಗಳ ಗೋಡೆಗೆ ಲೋಹದ ಹೊದಿಕೆ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡವೇ ತೈಲವನ್ನು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಅಂತರ್ಜಲದ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಇಷ್ಟು ದೊಡ್ಡ ಎಂಜಿನಿಯರಿಂಗ್ ನಡೆದಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಬಾವಿ ತೋಡುವ ತಂಡದ ಮೇಸ್ತ್ರಿ ಕಾರ್ಕಳದ ಕಡೆಯವರು, ಕೆಲಸದಲ್ಲಿ ಪಳಗಿದ ಕೈ. ಮೊದಲ ದಿನವೇ ಅಗೆಯಲು ಪಿಕ್ಕಾಸು ಎತ್ತಿದವರನ್ನು ನಿಲ್ಲಿಸಿ, ಮೊದಲು ಕಟ್ಟೆ ಎಂದೆ. ಬಾವಿ ಮುಗಿದ ಮೇಲೆ ಕಟ್ಟೆ ಕಟ್ಟುವುದು ಊರಿನ ರೂಢಿ. ನಾನು ಕಾಲರ್ ಕಥೆ ಹೇಳಿದೆ. ನಲವತ್ತು ಅಡಿ ಕೆಳಗೆ ಬೀಳುವ ಕಲ್ಲಿನ ವೇಗ ಗಂಟೆಗೆ 55 ಕಿಲೋಮೀಟರ್ ಆಗುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹುಡುಗನೊಬ್ಬನ ಭುಜದ ಮೇಲಿನ ಕಲೆಯನ್ನು ತೋರಿಸಿ, ‘ಲೆಕ್ಕ ಬೇಡ, ಇದು ಸಾಕು’ ಎಂದರು. ಕಟ್ಟೆ ಮೊದಲು ಎದ್ದಿತು, ಸೊಂಟದೆತ್ತರಕ್ಕೆ. ತೆಗೆದ ಮಣ್ಣನ್ನು ಬಾಯಿಯಿಂದ ದೂರ ಹಾಕುವುದು, ಮರದ ಕಪ್ಪಿಯ ಬದಲು ಬ್ರೇಕ್ ಇರುವ ವಿಂಚ್, ಬುಟ್ಟಿಯನ್ನು ಅಂಚಿನಿಂದ ಒಂದು ಗೇಣು ಕೆಳಗಿನವರೆಗೆ ಮಾತ್ರ ತುಂಬುವುದು, ಮೇಲೆ ಒಬ್ಬನೇ ಸಂಕೇತ ಕೊಡುವವನು ಇರುವುದು, ಇವೆಲ್ಲ ಒಂದೊಂದಾಗಿ ಬಂದವು. ಬೆಲ್ ಬದಲು ಒಂದು ಸೈಕಲ್ ಗಂಟೆ ಕಟ್ಟಿದೆವು. ಒಂದು, ಎರಡು, ಮೂರು ಅದೇ ಅರ್ಥದಲ್ಲಿ. ಹುಡುಗರು ಅದನ್ನು ಎಷ್ಟು ಬೇಗ ಹಿಡಿದರೆಂದರೆ, ಕೆಲವೇ ದಿನಗಳಲ್ಲಿ ಕೂಗಾಟವೇ ನಿಂತಿತು.

ಮುರಕಲ್ಲಿನಲ್ಲಿ ಬಾವಿ ಅಂದವಾಗಿ ಇಳಿಯುತ್ತದೆ. ಗೋಡೆ ತಾನಾಗಿ ನಿಲ್ಲುತ್ತದೆ, ಆಸರೆ ಬೇಡ. ನಡುವಿನಿಂದ ತೂಗುಗುಂಡು ಬಿಟ್ಟು ಸುತ್ತಲೂ ಅಳತೆ ನೋಡುತ್ತಾ ಇಳಿದೆವು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಷ್ಟ ಶುರುವಾದದ್ದು ಶೇಡಿಯಲ್ಲಿ. ಒಣಗಿದಾಗ ಗಟ್ಟಿಯಾಗಿ ಕಾಣುವ ಈ ಬಿಳಿ, ನಸುಗೆಂಪು ಮಣ್ಣು ನೀರು ತಾಗಿದರೆ ಹಸಿ ಸಾಬೂನಿನಂತೆ ಜಾರುತ್ತದೆ. ಮುರಕಲ್ಲಿನ ಮೂಲಕ ಇಳಿದ ನೀರು ಇದರ ತಲೆಯ ಮೇಲೆ ನಿಲ್ಲುವುದರಿಂದ, ಒರತೆ ಕಾಣಿಸುವ ಜಾಗವೂ ಕುಸಿತದ ಜಾಗವೂ ಒಂದೇ. ಮೇಲಿನ ಕಲ್ಲನ್ನು ಹೊತ್ತಿರುವ ಶೇಡಿ ಒಳಗಿನಿಂದ ಜಾರಿದರೆ, ಅಲ್ಲಿಯವರೆಗೆ ಬಂಡೆಯಂತೆ ನಿಂತಿದ್ದ ಗೋಡೆ ಹೇಳದೆ ಕೇಳದೆ ಕೂತುಬಿಡುತ್ತದೆ. ನೀರು ಕಂಡ ಸಂತೋಷದಲ್ಲಿ ‘ಇನ್ನು ಎರಡು ಅಡಿ ಹೋಗೋಣ’ ಎನ್ನುವ ಮನೆಯವರ ಮಾತಿಗೆ ಕಟ್ಟುಬಿದ್ದು ಜನ ಸಾಯುವುದು ಇಲ್ಲಿಯೇ ಎಂದು ಮೇಸ್ತ್ರಿ ಹೇಳಿದರು. ನನಗೆ ಅವರ ಮೇಲಿದ್ದ ಗೌರವ ಆ ಮಾತಿನಿಂದ ಇಮ್ಮಡಿಯಾಯಿತು.

ಅಲ್ಲಿಂದ ಕಾಂಕ್ರೀಟ್ ರಿಂಗ್. ಒಂದರ ಮೇಲೊಂದು ರಿಂಗ್ ಇಟ್ಟು, ಕೆಳಗಿನ ರಿಂಗಿನ ಅಂಚಿನಡಿಯ ಮಣ್ಣನ್ನು ಸುತ್ತಲೂ ಸಮವಾಗಿ ಕೆರೆಯುತ್ತಾ ಹೋದರೆ, ತನ್ನ ಭಾರಕ್ಕೆ ಅದು ಇಳಿಯುತ್ತದೆ. ಕೆಲಸಗಾರ ಯಾವಾಗಲೂ ರಿಂಗಿನ ಒಳಗೆ, ಬರಿಯ ಮಣ್ಣಿನ ಗೋಡೆಯ ಎದುರು ಎಂದೂ ಇಲ್ಲ. ಗಣಿಗಳಲ್ಲಿ ಕೆಸರು ನೆಲ ದಾಟುವಾಗ ಕೇಸನ್ ಎಂಬ ದೊಡ್ಡ ಗೋಡೆಬಳೆಯನ್ನು ಇಳಿಸುವುದೂ ಇದೇ ಕ್ರಮದಲ್ಲಿ. ಒಂದು ಕಡೆ ಹೆಚ್ಚು ಕೆರೆದರೆ ರಿಂಗ್ ವಾಲುತ್ತದೆ, ವಾಲಿದ್ದನ್ನು ಸರಿಪಡಿಸುವುದು ಇಳಿಸುವುದಕ್ಕಿಂತ ಕಷ್ಟ. ನಾಲ್ಕು ಕಡೆ ಗುರುತು ಹಾಕಿ, ಪ್ರತಿ ಗುರುತಿನ ಇಳಿತವನ್ನು ಅಳೆದು ಬರೆದಿಟ್ಟೆವು. ಒಮ್ಮೆ ಪಶ್ಚಿಮದ ಅಂಚು ಹಿಂದುಳಿಯಿತು. ಅಡಿಯಲ್ಲಿ ಶಿಲೆಯ ಗುಂಡೊಂದು ಸಿಕ್ಕಿಕೊಂಡಿತ್ತು. ಉಳಿದ ಮೂರು ಕಡೆ ಮುಟ್ಟದೆ, ಅದೊಂದನ್ನೇ ಉಳಿಯಿಂದ ಕೆತ್ತಿ ಬಿಡಿಸಿದ ಮೇಲೆ ಸದ್ದು ಮಾಡಿಕೊಂಡು ಕೂತಿತು. ಹುಡುಗರು ಚಪ್ಪಾಳೆ ಹೊಡೆದರು.

ಈಗ ಗಾಳಿಯ ಮಾತು. ಇದನ್ನು ಓದುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು ಎಂದು ನನ್ನ ಆಸೆ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಶೇ 21ರ ಹತ್ತಿರ ಇರುತ್ತದೆ. ಗಣಿಯಲ್ಲಿ ಶೇ 19ಕ್ಕಿಂತ ಕಡಿಮೆಯಾದರೆ ಅಲ್ಲಿ ಕೆಲಸ ಮಾಡಿಸುವಂತಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗಾಳಿಯಾಡದ ಬಾವಿಯ ತಳದಲ್ಲಿ ಅದು ಕೂರುತ್ತದೆ, ಕೊಳೆತ ಎಲೆ, ಕೆಸರು ಇದ್ದರೆ ಇನ್ನೂ ಹೆಚ್ಚು. ಮೇಣದ ಬತ್ತಿ ಅಥವಾ ದೀಪ ಇಳಿಸಿ ನೋಡುವ ಹಿರಿಯರ ಪದ್ಧತಿ ಆಮ್ಲಜನಕದ ಕೊರತೆಯನ್ನು ತೋರಿಸುತ್ತದೆ, ಅಷ್ಟೇ. ಇಂಗಾಲದ ಮಾನಾಕ್ಸೈಡನ್ನು ಅದು ತೋರಿಸುವುದಿಲ್ಲ. ಆ ಅನಿಲ ಇರುವಲ್ಲೂ ದೀಪ ಉರಿಯುತ್ತಿರುತ್ತದೆ, ಮನುಷ್ಯ ಸಾಯುತ್ತಾನೆ. ಬಾವಿಯಲ್ಲಿ ಅದು ಎಲ್ಲಿಂದ ಬರುತ್ತದೆ? ನೀರು ಖಾಲಿ ಮಾಡಲು ಒಳಗೆ ಇಳಿಸಿಟ್ಟ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಪಂಪ್‌ನಿಂದ. ಹೊಗೆ ಒಳಗೇ ತುಂಬುತ್ತದೆ, ಪಂಪ್ ಕೆಟ್ಟಿತೆಂದು ನೋಡಲು ಇಳಿದವನು ಮೇಲೆ ಬರುವುದಿಲ್ಲ. ಎಂಜಿನ್ ಪಂಪ್ ಬಾವಿಯೊಳಗೆ ಎಂದೆಂದಿಗೂ ಬೇಡ. ಅದು ಮೇಲೆಯೇ, ಬಾಯಿಯಿಂದ ಸಾಕಷ್ಟು ದೂರದಲ್ಲಿ ಇರಲಿ. ವಿದ್ಯುತ್ ಪಂಪ್ ಆದರೆ, ಕರೆಂಟ್ ಸೋರಿದ ಕ್ಷಣ ಅದನ್ನು ಕಡಿಯುವ ಸ್ವಿಚ್ ಇರಲೇಬೇಕು, ಮನುಷ್ಯ ಒಳಗಿರುವಾಗ ಪಂಪ್ ನಿಂತಿರಬೇಕು.

ಹಟ್ಟಿಯಲ್ಲಿ ಸಿಡಿತದ ಹೊಗೆ ಹೋಗುವವರೆಗೆ ಫ್ಯಾನಿನ ದಪ್ಪ ಕೊಳವೆ ತಳಕ್ಕೆ ಗಾಳಿ ಊದುತ್ತಲೇ ಇರುತ್ತಿತ್ತು. ಅನಿಲ ಅಳೆಯುವ ಉಪಕರಣದೊಂದಿಗೆ ಮೊದಲು ಇಳಿಯುವವನು ಒಪ್ಪಿಗೆ ಕೊಟ್ಟ ಮೇಲೆಯೇ ಉಳಿದವರು. ಬಾವಿಗೆ ನಾನು ಒಂದು ಚಿಕ್ಕ ಬ್ಲೋವರ್, ತಳ ಮುಟ್ಟುವ ಪ್ಲಾಸ್ಟಿಕ್ ಕೊಳವೆ ಮತ್ತು ಕೈಯಲ್ಲಿ ಹಿಡಿಯುವ ಅನಿಲಮಾಪಕ ತಂದೆ. ಬೆಳಿಗ್ಗೆ ಬ್ಲೋವರ್ ಸಾಕಷ್ಟು ಹೊತ್ತು ಓಡಬೇಕು, ಮಾಪಕವನ್ನು ಹಗ್ಗದಲ್ಲಿ ಇಳಿಸಿ ನೋಡಬೇಕು, ಆಮೇಲೆ ಮನುಷ್ಯ. ಊಟದ ಬಿಡುವಿನ ನಂತರವೂ ಅದೇ. ಇಳಿಯುವವನಿಗೆ ಎದೆಗೂ ತೊಡೆಗೂ ಕಟ್ಟಿದ ಪಟ್ಟಿ, ಅದರ ಹಗ್ಗ ಮೇಲೆ ವಿಂಚ್‌ಗೆ. ಅವನು ಕುಸಿದರೆ ಯಾರೂ ಇಳಿಯಬೇಕಾಗಿಲ್ಲ, ಮೇಲಿನಿಂದಲೇ ಎತ್ತಬಹುದು. ಎರಡನೆಯ ಸಾವನ್ನು ತಡೆಯುವುದು ಆ ಹಗ್ಗ.

ಇಷ್ಟು ವರ್ಷ ಇದನ್ನೆಲ್ಲ ಏಕೆ ಮಾಡಲಿಲ್ಲ ಎಂದು ಮೇಸ್ತ್ರಿಯನ್ನು ಒಂದು ಸಂಜೆ ಕೇಳಿದೆ. ಗೊತ್ತಿಲ್ಲದೆ ಅಲ್ಲ ಎಂದರು. ಅಡಿಗೆ ಇಷ್ಟು ಎಂದು ದರ ಮಾತಾಡುವಾಗ ಬ್ಲೋವರ್ ಓಡಿಸಿ ಕಾಯುವ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ, ಪಟ್ಟಿ ಹಗ್ಗಕ್ಕೂ ಕೊಡುವುದಿಲ್ಲ. ಇವರು ಸೇರಿಸಿ ಹೇಳಿದರೆ ಕೆಲಸ ಇನ್ನೊಂದು ತಂಡಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಮನೆ ಕಟ್ಟುವ ನಾವು, ನಮ್ಮ ನೀರಿಗಾಗಿ ಪಾತಾಳಕ್ಕಿಳಿಯುವವನ ಉಸಿರಿಗೆ ಚೌಕಾಸಿ ಮಾಡುತ್ತೇವೆ. ಗಣಿಯಲ್ಲಿ ಈ ಖರ್ಚು ಕಾರ್ಮಿಕನ ಲೆಕ್ಕಕ್ಕೆ ಬರುವುದಿಲ್ಲ, ಗಣಿಯ ಲೆಕ್ಕಕ್ಕೆ ಬರುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅಧಿಕಾರಿ ಬಂದು ಪರೀಕ್ಷಿಸುತ್ತಾರೆ. ಹಿತ್ತಿಲಿನ ಬಾವಿಗೆ ಆ ಅಧಿಕಾರಿ ಬರುವುದಿಲ್ಲ. ಅಲ್ಲಿ ಮನೆಯ ಯಜಮಾನನೇ ಗಣಿಯ ಮಾಲೀಕ, ಜವಾಬ್ದಾರಿಯೂ ಅವನದೇ. ನಾನು ದರದಲ್ಲಿ ಗಾಳಿ ಮತ್ತು ಹಗ್ಗಕ್ಕೆ ಬೇರೆಯೇ ಸಾಲು ಬರೆಸಿ ಕೊಟ್ಟೆ.

ಪತ್ತನಾಜೆಗೆ ಮೊದಲೇ ಶಿಲೆ ಮುಟ್ಟಿದೆವು. ಶಿಲೆಯ ಬಿರುಕಿನಿಂದ ತಣ್ಣನೆಯ ನೀರು ಬರುತ್ತಿತ್ತು, ಮೇಲೆ ಶೇಡಿಯ ತಲೆಯಿಂದ ಬರುವ ಒರತೆ ಬೇರೆ. ಮೇ ತಿಂಗಳ ಕೊನೆಯಲ್ಲಿ ನಿಂತ ನೀರು ವರ್ಷಪೂರ್ತಿ ಇರುತ್ತದೆ ಎಂಬ ಧೈರ್ಯದಲ್ಲಿ ಅಲ್ಲಿಗೇ ನಿಲ್ಲಿಸಿದೆವು; ಮದ್ದು ಸಿಡಿಸಿ ಇನ್ನಷ್ಟು ಇಳಿಯುವ ಅಗತ್ಯ ಬೀಳಲಿಲ್ಲ. ರಿಂಗುಗಳ ಹಿಂದಿನ ಸಂದಿಗೆ ಜಲ್ಲಿ ತುಂಬಿ, ಬಾಯಿಗೆ ಕಬ್ಬಿಣದ ಜಾಲರಿ ಬೀಗ ಸಮೇತ ಕೂರಿಸಿ, ನೀರನ್ನು ಪರೀಕ್ಷೆಗೆ ಕಳುಹಿಸಿದೆವು.

ಆ ಬ್ಲೋವರ್, ಮಾಪಕ, ಸೈಕಲ್ ಗಂಟೆ ಮೂರನ್ನೂ ಮೇಸ್ತ್ರಿ ಬೆಳ್ಮಣ್ಣಿನ ಮುಂದಿನ ಕೆಲಸಕ್ಕೆ ತೆಗೆದುಕೊಂಡು ಹೋದರು. ಅವರ ದರಪಟ್ಟಿಯಲ್ಲಿ ಈಗ ಗಾಳಿ ಮತ್ತು ಹಗ್ಗದ ಸಾಲು ಅಚ್ಚಾಗಿದೆ. ಉಡುಪಿಯಲ್ಲೋ ಮಂಗಳೂರಿನಲ್ಲೋ ಬಾವಿ ತೋಡಿಸುವವರು ಯಾವ ತಂಡವನ್ನಾದರೂ ಕರೆಯಿರಿ. ಆ ಸಾಲು ಇಲ್ಲದಿದ್ದರೆ ನೀವೇ ಬರೆಸಿ, ಇದ್ದರೆ ದಯವಿಟ್ಟು ಅದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಿಸಬೇಡಿ.